ಬೆಸುಗೆಯ ಸಲಾಕೆಯ ಚರಿತ್ರೆ: ಗೇಮ್ ಕನ್ಸೋಲುಗಳ ಮಾರ್ಪಾಟಿಗೆ ತೊಡಗುವವರ ಆಯ್ಕೆಯ ದೃಷ್ಟಿಯಿಂದ

೧

ರಾಜವಂಶಗಳಿಗೂ ಯುದ್ಧಗಳಿಗೂ ಚರಿತ್ರೆಯಲ್ಲಿ ಸಲ್ಲುತ್ತ ಬಂದಿರುವ ಗೌರವವು ಕುಶಲಕರ್ಮಿಗಳ ಕೈಯ ಉಪಕರಣಗಳಿಗೆ ಸಂದಿಲ್ಲ. ಸುತ್ತಿಗೆ, ಉಳಿ, ಇಕ್ಕಳಗಳು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಸೇರಿದ ಮೇಲೆ ನಮ್ಮ ಗಮನವನ್ನು ಸೆಳೆಯುತ್ತವೆ. ಬಳಕೆಯಲ್ಲಿರುವಷ್ಟು ಕಾಲ ಅವುಗಳಿಗೂ ಒಂದು ಚರಿತ್ರೆಯುಂಟೆಂಬುದು ನಮಗೆ ಹೊಳೆಯುವುದಿಲ್ಲ. ಎರಡು ಲೋಹಗಳನ್ನು ಕರಗಿದ ಮೂರನೆಯ ಲೋಹದಿಂದ ಕೂಡಿಸುವ ಬೆಸುಗೆಯ ಸಲಾಕೆ, ಎಂದರೆ ಅಂಗಡಿಗಳಲ್ಲಿ ಸೋಲ್ಡರಿಂಗ್ ಐರನ್ ಎಂದು ಕೇಳಿ ಪಡೆಯುವ ಸಾಧನವು, ಹೀಗೆ ಉಪೇಕ್ಷೆಗೆ ಒಳಗಾದವುಗಳಲ್ಲಿ ಒಂದು.

ಹಳೆಯ ಗೇಮ್ ಕನ್ಸೋಲುಗಳನ್ನು, ಎಂದರೆ ಟೆಲಿವಿಷನ್ನಿಗೆ ಜೋಡಿಸಿ ಅಥವಾ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಗಳನ್ನು, ಬಿಚ್ಚಿ ದುರಸ್ತು ಮಾಡುವುದರಲ್ಲಿಯೂ ಮಾರ್ಪಡಿಸುವುದರಲ್ಲಿಯೂ ಇಂದು ಅನೇಕ ವಿದ್ಯಾರ್ಥಿಗಳಿಗೆ ಆಸಕ್ತಿಯುಂಟು. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವನು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ವ್ಯಾಟಿನ ಐರನ್ ಕೊಳ್ಳಬೇಕು? ಪ್ರಶ್ನೆಯು ಸಹಜವಾಗಿ ತೋರುತ್ತದೆ. ಆದರೆ ಸಾಧನದ ಚರಿತ್ರೆಯನ್ನು ಪರಿಶೀಲಿಸಿದಾಗ, ಈ ಪ್ರಶ್ನೆಯೇ ಕಳೆದುಹೋದ ಒಂದು ಯುಗದ ಅವಶೇಷವೆಂದು ತಿಳಿದುಬರುತ್ತದೆ. ಬೆಸುಗೆಯ ಸಲಾಕೆಯ ಚರಿತ್ರೆಯು ಶಾಖವನ್ನು ಹೆಚ್ಚಿಸಿದ ಚರಿತ್ರೆಯಲ್ಲ. ಶಾಖವನ್ನು ನಿಗ್ರಹಿಸಿದ ಚರಿತ್ರೆ. ಈ ಅಂಶವನ್ನು ಸ್ಥಾಪಿಸಿ, ಅದರಿಂದ ಹೊಸಬನ ಆಯ್ಕೆಗೆ ದೊರೆಯುವ ನಿಯಮಗಳನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ತವರ ಸೀಸಗಳ ಬೆಸುಗೆಯು ಬಹು ಪ್ರಾಚೀನವಾದುದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ರಚಿಸಿದ ಪ್ರಕೃತಿಚರಿತ್ರೆಯ ೩೪ನೆಯ ಸಂಪುಟದಲ್ಲಿ, ಎರಡು ಪಾಲು ಸೀಸಕ್ಕೆ ಒಂದು ಪಾಲು ತವರವನ್ನು ಕೂಡಿಸಿದ ಮಿಶ್ರಲೋಹದಿಂದ ಕೊಳವೆಗಳನ್ನು ಬೆಸೆಯುತ್ತಿದ್ದರೆಂದು ಹೇಳಿದೆ. ಶುದ್ಧವಾದ ತವರವು ೨೩೨ ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ ಶುದ್ಧವಾದ ಸೀಸವು ೩೨೭ ಡಿಗ್ರಿಯಲ್ಲಿಯೂ ಕರಗುತ್ತವೆ. ಇವೆರಡನ್ನು ೬೩ಕ್ಕೆ ೩೭ರ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣವು ಕೇವಲ ೧೮೩ ಡಿಗ್ರಿಯಲ್ಲಿ ಕರಗುತ್ತದೆ. ಕೂಡಿಸಬೇಕಾದ ಲೋಹವು ಕರಗುವುದಕ್ಕೆ ಬಹಳ ಮೊದಲೇ ಕೂಡಿಸುವ ಲೋಹವು ಕರಗುವುದೆಂಬ ಈ ಸಂಗತಿಯೇ ಬೆಸುಗೆಯ ಕಲೆಗೆಲ್ಲ ಆಧಾರ.

ಹನ್ನೆರಡನೆಯ ಶತಮಾನದಲ್ಲಿ ಯೂರೋಪಿನ ಥಿಯೋಫಿಲಸ್ ಎಂಬ ಕ್ರೈಸ್ತ ಸಂನ್ಯಾಸಿಯು ನಾನಾ ಕರಕುಶಲಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಚರ್ಚುಗಳ ಗಾಜಿನ ಕಿಟಕಿಗಳಲ್ಲಿ ಗಾಜಿನ ಚೂರುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನು ಬೆಸೆಯುವುದಕ್ಕಾಗಿ ಕಬ್ಬಿಣದ ಸಲಾಕೆಯೊಂದನ್ನು ವರ್ಣಿಸಿದ್ದಾನೆ. ಅದರ ತುದಿಯನ್ನು ಅರದಿಂದ ಉಜ್ಜಿ, ತವರವನ್ನು ಲೇಪಿಸಿ, ಬೆಂಕಿಯಲ್ಲಿ ಕಾಯಿಸಬೇಕೆಂಬುದು ಆತನ ವಿಧಿ. ತುದಿಗೆ ತವರವನ್ನು ಲೇಪಿಸುವ ಈ ಕ್ರಮವು ಇಂದಿಗೂ ಹೊಸಬನು ಕಲಿಯಬೇಕಾದ ಮೊದಲನೆಯ ಪಾಠವಾಗಿ ಉಳಿದಿದೆ.

ನಮ್ಮ ನಾಡಿನಲ್ಲಿ ಹಿತ್ತಾಳೆ ತಾಮ್ರಗಳ ಪಾತ್ರೆಗಳಿಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಈ ಕ್ರಿಯೆಯ ಮರ್ಮವು ಸುಲಭವಾಗಿ ತಿಳಿಯುತ್ತದೆ. ಕಲಾಯಿಗಾರನು ತಿದಿಯೊತ್ತಿ ಪಾತ್ರೆಯನ್ನು ಕಾಯಿಸುತ್ತಾನೆ. ನವಸಾಗರದ ಪುಡಿಯನ್ನು ಎರಚಿ ಒರೆಸುತ್ತಾನೆ. ಬಿಳಿಯ ಹೊಗೆ ಎದ್ದು ಲೋಹದ ಮೇಲಣ ಕಿಲುಬು ಕಳೆಯುತ್ತದೆ. ಆಗ ತವರವು ಪಾತ್ರೆಯ ಒಡಲಿನ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಕಿಲುಬನ್ನು ಕಳೆಯುವ ಇಂತಹ ವಸ್ತುವಿಗೆ ಇಂದಿನ ಕಾರ್ಯಾಗಾರಗಳಲ್ಲಿ ಫ್ಲಕ್ಸ್ ಎಂದು ಹೆಸರು. ವಿದ್ಯುದುಪಕರಣಗಳಲ್ಲಿ ನವಸಾಗರವನ್ನು ಬಳಸುವಂತಿಲ್ಲ. ಅದರ ಶೇಷವು ತಾಮ್ರವನ್ನು ತಿನ್ನುತ್ತದೆ. ಅದರ ಬದಲು ದೇವದಾರು ಜಾತಿಯ ಮರಗಳಿಂದ ದೊರೆಯುವ ರಾಳವು ಬಳಕೆಗೆ ಬಂದಿತು. ಸಾಮಗ್ರಿಯು ಬೇರೆಯಾದರೂ ತತ್ತ್ವವು ಒಂದೇ: ಲೋಹವು ಶುಚಿಯಾಗಿರಬೇಕು, ತಕ್ಕಷ್ಟು ಕಾದಿರಬೇಕು.

ತಕ್ಕಷ್ಟು ಎಂಬುದನ್ನು ನಿರ್ಣಯಿಸುತ್ತಿದ್ದುದು ಕುಶಲಕರ್ಮಿಯ ಕಣ್ಣು. ಒಲೆಯಲ್ಲಿಟ್ಟು ತೆಗೆದ ಸಲಾಕೆಯು ಮೊದಲು ಅತಿಯಾಗಿ ಕಾದಿರುತ್ತದೆ. ಕೆಲಸದ ನಡುವೆ ಆರುತ್ತ ಹೋಗುತ್ತದೆ. ಇವೆರಡರ ನಡುವಣ ಸ್ವಲ್ಪ ಕಾಲದಲ್ಲಿ ಕೆಲಸವನ್ನು ಮುಗಿಸಬೇಕು. ಶಾಖದ ನಿಗ್ರಹವು ಸಾಧನದಲ್ಲಿರಲಿಲ್ಲ, ಮನುಷ್ಯನ ಅಭ್ಯಾಸದಲ್ಲಿದ್ದಿತು.

೩

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸಲಾಕೆಗೆ ವಿದ್ಯುತ್ತಿನ ಸಂಬಂಧ ಉಂಟಾಯಿತು. ಅಮೆರಿಕದ ಡೆಟ್ರಾಯಿಟ್ ನಗರದ ಅಮೆರಿಕನ್ ಎಲೆಕ್ಟ್ರಿಕಲ್ ಹೀಟರ್ ಕಂಪೆನಿಯು ಈ ಬಗೆಯ ಸಾಧನಗಳನ್ನು ತಯಾರಿಸಿದವರಲ್ಲಿ ಮೊದಲಿಗರ ಸಾಲಿಗೆ ಸೇರುತ್ತದೆ. ೧೯೦೬ರಲ್ಲಿ ಆಲ್ಬರ್ಟ್ ಮಾರ್ಷ್ ಎಂಬಾತನು ನಿಕ್ಕಲ್ ಕ್ರೋಮಿಯಂಗಳ ಮಿಶ್ರಲೋಹಕ್ಕೆ ಪೇಟೆಂಟನ್ನು ಪಡೆದನು. ಕೆಂಪಗೆ ಕಾದರೂ ಬೇಗನೆ ಸುಟ್ಟುಹೋಗದ ಈ ತಂತಿಯಿಂದ ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆಗಳಂತೆಯೇ ಬೆಸುಗೆಯ ಸಲಾಕೆಯೂ ಬಾಳಿಕೆಯ ವಸ್ತುವಾಯಿತು. ಜರ್ಮನಿಯಲ್ಲಿ ಎರ್ನ್‌ಸ್ಟ್ ಜಾಕ್ಸ್ ೧೯೨೧ರಲ್ಲಿ ಎರ್ಸಾ ಸಂಸ್ಥೆಯನ್ನು ಸ್ಥಾಪಿಸಿ, ವಿದ್ಯುತ್ ಸಲಾಕೆಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದನು.

ಈ ಕಾಲವು ರೇಡಿಯೋ ಹವ್ಯಾಸವು ಹಬ್ಬುತ್ತಿದ್ದ ಕಾಲವೂ ಆಗಿತ್ತು. ಕಾರ್ಖಾನೆಯ ಆಚೆಗೆ, ಮನೆಯ ಮೇಜಿನ ಮೇಲೆ ಬೆಸುಗೆಯು ನಡೆಯುವಂತಾದುದು ಆಗಲೇ. ಎರಡನೆಯ ಮಹಾಯುದ್ಧದ ತರುವಾಯ, ೧೯೪೭ರಲ್ಲಿ, ಅಮೆರಿಕದ ಹೀತ್ ಕಂಪೆನಿಯು ಯುದ್ಧದಲ್ಲಿ ಮಿಕ್ಕಿದ ಭಾಗಗಳನ್ನು ಕೂಡಿಸಿ ಆಸಿಲೋಸ್ಕೋಪಿನ ಬಿಡಿಭಾಗಗಳ ಕಟ್ಟನ್ನು ಮಾರಿತು. ಕೊಂಡವನು ಸೂಚನೆಯ ಪುಸ್ತಕವನ್ನು ನೋಡಿಕೊಂಡು ತಾನೇ ಬೆಸೆದು ಉಪಕರಣವನ್ನು ಸಿದ್ಧಪಡಿಸಿಕೊಳ್ಳಬೇಕು. ಇಂತಹ ಕಟ್ಟುಗಳ ಮೂಲಕ ಸಾವಿರಾರು ಜನ ಗೃಹಸ್ಥರು ಬೆಸುಗೆಯನ್ನು ಕಲಿತರು. ಗೇಮ್ ಕನ್ಸೋಲುಗಳನ್ನು ಮಾರ್ಪಡಿಸುವ ಇಂದಿನ ಹವ್ಯಾಸಿಗಳು ಈ ಪರಂಪರೆಗೆ ಸೇರಿದವರು. ೧೯೪೧ರಲ್ಲಿ ಕಾರ್ಲ್ ವೆಲ್ಲರ್ ಎಂಬ ರೇಡಿಯೋ ದುರಸ್ತಿಗಾರನು ಪಿಸ್ತೂಲಿನ ಆಕಾರದ, ಕೆಲವೇ ಸೆಕೆಂಡುಗಳಲ್ಲಿ ಕಾಯುವ ಸಾಧನಕ್ಕೆ ಪೇಟೆಂಟನ್ನು ಕೋರಿ, ೧೯೪೬ರಲ್ಲಿ ಪೆನ್ಸಿಲ್ವೇನಿಯದಲ್ಲಿ ಅದರ ತಯಾರಿಕೆಯನ್ನು ಆರಂಭಿಸಿದನು.

ಇವೆಲ್ಲವೂ ಒಲೆಯ ಬೆಂಕಿಯನ್ನು ಹಿಡಿಯೊಳಕ್ಕೆ ತಂದುವೇ ಹೊರತು ಅದಕ್ಕೆ ಕಡಿವಾಣವನ್ನು ಹಾಕಲಿಲ್ಲ. ಸಾಧಾರಣ ವಿದ್ಯುತ್ ಸಲಾಕೆಯು ಒಳಬರುವ ಶಾಖವೂ ಗಾಳಿಗೆ ಹೋಗುವ ಶಾಖವೂ ಸಮವಾಗುವವರೆಗೆ ಕಾಯುತ್ತಲೇ ಇರುತ್ತದೆ. ಸ್ಟ್ಯಾಂಡಿನಲ್ಲಿ ಸುಮ್ಮನಿರುವಾಗ ಅದರ ಮೊನೆಯು ಬೇಕಾದುದಕ್ಕಿಂತ ಹೆಚ್ಚಾಗಿ ಕಾದಿರುತ್ತದೆ. ದಪ್ಪನಾದ ಲೋಹವನ್ನು ಮುಟ್ಟಿದೊಡನೆ ಬೇಕಾದುದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಆದುದರಿಂದ ಕೆಲಸಕ್ಕೆ ತಕ್ಕ ಸಲಾಕೆಯನ್ನು ವ್ಯಾಟಿನ ಲೆಕ್ಕದಿಂದ ಆರಿಸಬೇಕಾಗಿದ್ದಿತು: ಸಣ್ಣ ತಂತಿಗೆ ೨೫ ವ್ಯಾಟು, ದಪ್ಪ ತಗಡಿಗೆ ೧೦೦ ವ್ಯಾಟು. ನಮ್ಮಲ್ಲಿ ಇಂದಿಗೂ ೨೫ ವ್ಯಾಟಿನ, ಉಷ್ಣತೆಯ ನಿಯಂತ್ರಣವಿಲ್ಲದ ಸಲಾಕೆಯು ವಿದ್ಯಾರ್ಥಿಯ ಮೊದಲನೆಯ ಸಲಾಕೆಯಾಗಿ ಮಾರಾಟವಾಗುತ್ತಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಮೇಲೆ ಹೇಳಿದ "ಎಷ್ಟು ವ್ಯಾಟು?" ಎಂಬ ಪ್ರಶ್ನೆಯು ಹುಟ್ಟಿದುದು ಈ ಯುಗದಲ್ಲಿ.

೪

ಬದಲಾವಣೆಯ ಕಾರಣವು ಸಲಾಕೆಯಲ್ಲಿರಲಿಲ್ಲ, ಬೆಸೆಯಲ್ಪಡುವ ವಸ್ತುವಿನಲ್ಲಿದ್ದಿತು. ಹಳೆಯ ರೇಡಿಯೋಗಳಲ್ಲಿ ದಪ್ಪನಾದ ಲೋಹದ ಕೊಂಡಿಗಳಿಗೆ ತಂತಿಗಳನ್ನು ಸುತ್ತಿ ಬೆಸೆಯುತ್ತಿದ್ದರು. ಹೆಚ್ಚು ಶಾಖದಿಂದ ಅವುಗಳಿಗೆ ವಿಶೇಷ ಹಾನಿಯಾಗುತ್ತಿರಲಿಲ್ಲ. ಆಸ್ಟ್ರಿಯದಿಂದ ಲಂಡನ್ನಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ೧೯೩೬ರ ಸುಮಾರಿಗೆ, ತಂತಿಗಳ ಬದಲು ಫಲಕದ ಮೇಲೆ ತಾಮ್ರದ ಹಾಳೆಯ ಗೆರೆಗಳಿರುವ ರೇಡಿಯೋವೊಂದನ್ನು ರಚಿಸಿದನು. ಯುದ್ಧಕಾಲದಲ್ಲಿ ಅಮೆರಿಕದವರು ಸಿಡಿಗುಂಡುಗಳ ವಿದ್ಯುತ್ ಕೀಲಿಗಳಲ್ಲಿ ಮುದ್ರಿತ ಫಲಕಗಳನ್ನು ಬಳಸಿದರು. ಯುದ್ಧಾನಂತರ ಅವು ನಾಗರಿಕ ಉಪಕರಣಗಳಿಗೂ ಹಬ್ಬಿದುವು.

ಇಂತಹ ಫಲಕದಲ್ಲಿ ತಾಮ್ರದ ದಪ್ಪವು ಸಾಮಾನ್ಯವಾಗಿ ೩೫ ಮೈಕ್ರಾನ್, ಎಂದರೆ ಮಿಲಿಮೀಟರಿನ ಸುಮಾರು ಮೂವತ್ತರಲ್ಲಿ ಒಂದು ಪಾಲು. ಬೆಸುಗೆ ಕೂರುವ ತಾಮ್ರದ ಬಿಲ್ಲೆಯನ್ನು ಫಲಕಕ್ಕೆ ಹಿಡಿದಿರುವುದು ರಾಳದ ಅಂಟು ಮಾತ್ರ. ಶಾಖವು ಅತಿಯಾದರೆ, ಅಥವಾ ಮಿತವಾದ ಶಾಖವೇ ಬಹಳ ಹೊತ್ತು ನಿಂತರೆ, ಅಂಟು ಸಡಿಲವಾಗಿ ಬಿಲ್ಲೆಯು ಎದ್ದುಬರುತ್ತದೆ. ಎದ್ದ ಬಿಲ್ಲೆಯನ್ನು ಮೊದಲಿನಂತೆ ಕೂರಿಸಲಾಗದು. ತಂತಿಯನ್ನು ಎಳೆದು ತೇಪೆ ಹಾಕಬಹುದು, ಅಷ್ಟೆ. ೧೯೪೭ರಲ್ಲಿ ಟ್ರಾನ್ಸಿಸ್ಟರೂ ಅದರ ತರುವಾಯ ಚಿಪ್ಪುಗಳೂ ಬಂದ ಮೇಲೆ, ಶಾಖಕ್ಕೂ ಸ್ಥಿರವಿದ್ಯುತ್ತಿಗೂ ಅಳುಕುವ ಭಾಗಗಳ ಸಂಖ್ಯೆಯು ಹೆಚ್ಚಿತು. ಹೀಗಾಗಿ, ಎಷ್ಟು ಶಾಖವನ್ನು ಉತ್ಪಾದಿಸಬಲ್ಲದು ಎಂಬುದರ ಬದಲು, ಶಾಖವನ್ನು ಎಷ್ಟರಲ್ಲಿ ನಿಲ್ಲಿಸಬಲ್ಲದು ಎಂಬುದು ಸಲಾಕೆಯ ಗುಣಕ್ಕೆ ಅಳತೆಗೋಲಾಯಿತು.

ಇದಕ್ಕೆ ೧೯೬೦ರ ಸುಮಾರಿಗೆ ವೆಲ್ಲರ್ ಸಂಸ್ಥೆಯು ಕಂಡುಕೊಂಡ ಉಪಾಯವು ಚಮತ್ಕಾರವಾದುದು. ಅಯಸ್ಕಾಂತವು ಸೆಳೆಯಬಲ್ಲ ಪ್ರತಿಯೊಂದು ಲೋಹವೂ ಒಂದು ನಿಯತವಾದ ಉಷ್ಣತೆಯನ್ನು ದಾಟಿದೊಡನೆ ಆ ಗುಣವನ್ನು ಕಳೆದುಕೊಳ್ಳುತ್ತದೆ. ಇದನ್ನು ಪಿಯರ್ ಕ್ಯೂರಿಯು ೧೮೯೫ರಲ್ಲಿ ವಿವರವಾಗಿ ಶೋಧಿಸಿದ್ದನು. ಮೊನೆಯ ಹಿಂದುಗಡೆ ಇಂತಹ ಲೋಹದ ಗುಂಡಿಯೊಂದನ್ನು ಕೂರಿಸಿ, ಅದರ ಹಿಂದೆ ಸ್ವಿಚ್ಚಿಗೆ ಕಟ್ಟಿದ ಅಯಸ್ಕಾಂತವನ್ನಿರಿಸಿದರು. ಮೊನೆಯು ತಣ್ಣಗಿರುವಾಗ ಅಯಸ್ಕಾಂತವು ಗುಂಡಿಗೆ ಅಂಟಿಕೊಂಡು ವಿದ್ಯುತ್ತನ್ನು ಹರಿಸುತ್ತದೆ. ನಿಯತವಾದ ಉಷ್ಣತೆಯು ಒದಗಿದಾಗ ಗುಂಡಿಯು ಸೆಳೆತಕ್ಕೆ ಸಿಲುಕದೆ ಅಯಸ್ಕಾಂತವು ಹಿಂದೆ ಸರಿದು ವಿದ್ಯುತ್ತು ನಿಲ್ಲುತ್ತದೆ. ಮೊನೆಯ ಮೇಲೆ ಕೆತ್ತಿದ ೭ ಎಂಬ ಅಂಕೆಯು ೭೦೦ ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ಸುಮಾರು ೩೭೦ ಡಿಗ್ರಿ ಸೆಲ್ಸಿಯಸ್ಸನ್ನು ಸೂಚಿಸುತ್ತಿದ್ದಿತು. ಉಷ್ಣತೆಯನ್ನು ಬದಲಿಸಬೇಕಾದರೆ ಮೊನೆಯನ್ನೇ ಬದಲಿಸಬೇಕಾಗಿದ್ದಿತು.

ಇದೇ ಕಾಲಘಟ್ಟದಲ್ಲಿ ಮೊನೆಯೂ ಸುಧಾರಿಸಿತು. ಕರಗಿದ ತವರವು ತಾಮ್ರವನ್ನು ಕ್ರಮೇಣ ಕರಗಿಸಿಕೊಳ್ಳುವುದರಿಂದ ಬರಿಯ ತಾಮ್ರದ ಮೊನೆಯಲ್ಲಿ ಗುಳಿ ಬೀಳುತ್ತಿದ್ದಿತು. ಅದನ್ನು ಮತ್ತೆ ಮತ್ತೆ ಅರದಿಂದ ಉಜ್ಜಬೇಕಾಗಿದ್ದಿತು. ತಾಮ್ರದ ಮೇಲೆ ಕಬ್ಬಿಣದ ತೆಳುವಾದ ಪೊರೆಯನ್ನು ಹಾಕಿದ ಮೊನೆಗಳು ಬಂದ ಮೇಲೆ ಈ ತೊಂದರೆಯು ತಪ್ಪಿತು. ಇಂತಹ ಮೊನೆಯನ್ನು ಅರದಿಂದ ಉಜ್ಜಕೂಡದು; ಪೊರೆಯು ಹರಿದರೆ ಮೊನೆಯು ಕೆಟ್ಟಂತೆಯೇ. ಹಳೆಯ ಕಾಲದ ವಿಧಿಯು ಹೊಸ ಕಾಲದಲ್ಲಿ ದೋಷವಾಗುವುದಕ್ಕೆ ಇದೊಂದು ನಿದರ್ಶನ.

ಜಪಾನಿನಲ್ಲಿ ೧೯೫೨ರಲ್ಲಿ ಆರಂಭವಾದ ಹಾಕೊ ಸಂಸ್ಥೆಯು ಮುಂದೆ ಸಿರಾಮಿಕ್ಕಿನ ಬಿಸಿಗೂಡಿನೊಳಗೆ ಉಷ್ಣತೆಯನ್ನು ಅಳೆಯುವ ಸಂವೇದಕವನ್ನು ಸೇರಿಸಿದ, ಗುಂಡಿಯನ್ನು ತಿರುಗಿಸಿ ಉಷ್ಣತೆಯನ್ನು ಗೊತ್ತುಪಡಿಸಬಹುದಾದ ಸಾಧನಗಳನ್ನು ತಯಾರಿಸಿತು. ಅವುಗಳಲ್ಲಿ ೯೩೬ ಎಂಬ ಸಂಖ್ಯೆಯದು ಎಷ್ಟು ಜನಪ್ರಿಯವಾಯಿತೆಂದರೆ, ಅದನ್ನು ಅನುಕರಿಸಿದ ಅಗ್ಗದ ಸಾಧನಗಳು ಪ್ರಪಂಚದ ಎಲ್ಲ ಮಾರುಕಟ್ಟೆಗಳಿಗೂ ಹರಿದುಬಂದುವು.

೫

ಈಗ ಗೇಮ್ ಕನ್ಸೋಲುಗಳ ಕಡೆಗೆ ತಿರುಗಬಹುದು. ರಾಲ್ಫ್ ಬೇರ್ ಎಂಬಾತನ ಕಲ್ಪನೆಯನ್ನು ಆಧರಿಸಿದ ಮ್ಯಾಗ್ನಾವಾಕ್ಸ್ ಒಡಿಸ್ಸಿಯು ೧೯೭೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಮನೆಯ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳಲ್ಲಿ ಅದೇ ಮೊದಲನೆಯದು. ಇವುಗಳ ಮಾರ್ಪಾಟಿನ ಚರಿತ್ರೆಯಲ್ಲಿ ಮೂರು ಪ್ರವೃತ್ತಿಗಳನ್ನು ಗುರುತಿಸಬಹುದು.

ಮೊದಲನೆಯದು, ತಯಾರಕರು ಹಾಕಿದ ಬೀಗವನ್ನು ತೆಗೆಯುವುದು. ೧೯೮೫ರಲ್ಲಿ ನಿಂಟೆಂಡೊ ಸಂಸ್ಥೆಯು ಅಮೆರಿಕದಲ್ಲಿ ಬಿಡುಗಡೆ ಮಾಡಿದ ಯಂತ್ರದಲ್ಲಿ ಕಾವಲಿನ ಚಿಪ್ಪೊಂದಿದ್ದಿತು. ಆಟದ ಕಾರ್ಟ್ರಿಜ್ಜಿನಲ್ಲಿರುವ ಜೋಡಿ ಚಿಪ್ಪಿನಿಂದ ಸರಿಯಾದ ಉತ್ತರ ಬರದಿದ್ದರೆ ಅದು ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ಯಂತ್ರವು ಹಳತಾಗಿ ಸಂಪರ್ಕದ ಲೋಹಗಳು ಸವೆದಾಗ ಅಧಿಕೃತವಾದ ಕಾರ್ಟ್ರಿಜ್ಜಿಗೂ ಇದೇ ಗತಿಯಾಗುತ್ತಿತ್ತು. ಆ ಚಿಪ್ಪಿನ ನಾಲ್ಕನೆಯ ಕಾಲನ್ನು ಫಲಕದಿಂದ ಬಿಡಿಸಿದರೆ ಕಾವಲು ನಿಷ್ಕ್ರಿಯವಾಗುವುದೆಂದು ಹವ್ಯಾಸಿಗಳು ಕಂಡುಕೊಂಡರು. ೧೯೯೪ರಲ್ಲಿ ಜಪಾನಿನಲ್ಲಿ ಹೊರಬಂದ ಸೋನಿಯ ಪ್ಲೇಸ್ಟೇಷನ್ನಿಗೆ, ಬೇರೆ ಪ್ರದೇಶದ ತಟ್ಟೆಗಳನ್ನೂ ನಕಲು ತಟ್ಟೆಗಳನ್ನೂ ಒಪ್ಪಿಕೊಳ್ಳುವಂತೆ ಮಾಡುವ ಎಂಟು ಕಾಲಿನ ಚಿಪ್ಪನ್ನು ಕೆಲವು ಸಣ್ಣ ತಂತಿಗಳಿಂದ ಬೆಸೆಯುವ ಪದ್ಧತಿಯು ಅನೇಕ ದೇಶಗಳಲ್ಲಿ ವ್ಯಾಪಿಸಿತು.

ಎರಡನೆಯದು, ಯಂತ್ರದ ಕೊರತೆಯನ್ನು ನೀಗುವುದು. ೨೦೦೧ರ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರದ ಪರದೆಗೆ ತನ್ನದಾದ ಬೆಳಕಿರಲಿಲ್ಲ. ಸಂಜೆಯಾದರೆ ಏನೂ ಕಾಣಿಸುತ್ತಿರಲಿಲ್ಲ. ೨೦೦೨ರಲ್ಲಿ ಆಫ್ಟರ್‌ಬರ್ನರ್ ಎಂಬ ಹೆಸರಿನ ದೀಪದ ಕಟ್ಟನ್ನು ಹವ್ಯಾಸಿಗಳಿಗೆ ಮಾರಲಾಯಿತು. ಕೊಂಡವನು ಯಂತ್ರವನ್ನು ಬಿಚ್ಚಿ ಎರಡು ತಂತಿಗಳನ್ನು ತಾನೇ ಬೆಸೆಯಬೇಕಾಗಿದ್ದಿತು. ಮಾರನೆಯ ವರ್ಷ ತಯಾರಕರೇ ದೀಪವುಳ್ಳ ಯಂತ್ರವನ್ನು ಹೊರತಂದರು. ಹವ್ಯಾಸಿಯ ಮೇಜಿನ ಮೇಲೆ ಆದುದು ಕಾರ್ಖಾನೆಯ ಕೆಲಸಕ್ಕಿಂತ ಮುಂಚಿತವಾಗಿದ್ದುದು ಗಮನಾರ್ಹ.

ಮೂರನೆಯದು, ಮುಪ್ಪಿನಿಂದ ಯಂತ್ರವನ್ನು ಉಳಿಸುವುದು. ೧೯೯೦ರ ಸೆಗಾ ಗೇಮ್ ಗಿಯರಿನ ಕೆಪಾಸಿಟರುಗಳು ಸೋರಿ ಫಲಕವನ್ನು ಕೊರೆಯುತ್ತವೆ. ಆಟಗಾರನ ಪ್ರಗತಿಯನ್ನು ನೆನಪಿಡುವ ಅನೇಕ ಕಾರ್ಟ್ರಿಜ್ಜುಗಳಲ್ಲಿ ಗುಂಡಿಯಾಕಾರದ ಬ್ಯಾಟರಿಯನ್ನು ಬೆಸೆದಿರುತ್ತಾರೆ. ಬ್ಯಾಟರಿಯು ಮುಗಿದರೆ ನೆನಪೂ ಅಳಿಯುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವಷ್ಟರಲ್ಲಿಯೇ ಇರುವುದೂ ಅಳಿಯುವುದರಿಂದ, ಅದನ್ನು ಮುಂಚಿತವಾಗಿ ಪ್ರತಿ ಮಾಡಿಟ್ಟುಕೊಳ್ಳಬೇಕು. ಚರಿತ್ರೆಯ ವಿದ್ಯಾರ್ಥಿಗೆ ಈ ಮೂರನೆಯ ಪ್ರವೃತ್ತಿಯು ವಿಶೇಷವಾಗಿ ಗಣ್ಯವಾದುದು. ಓಲೆಗರಿಗೆ ಗೆದ್ದಲು ಹೇಗೋ ಈ ಯಂತ್ರಗಳಿಗೆ ಕೆಪಾಸಿಟರಿನ ದ್ರವವು ಹಾಗೆ.

ಈ ಚರಿತ್ರೆಯಲ್ಲಿ ಶಿಕ್ಷಣದ ದೃಷ್ಟಿಯಿಂದ ಮುಖ್ಯವಾದ ಕೃತಿಯೊಂದುಂಟು. ೨೦೦೧ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ ಯಂತ್ರವನ್ನು ಹೊರತಂದಾಗ, ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಆಂಡ್ರೂ ಹ್ವಾಂಗ್ ಅದರ ಚಿಪ್ಪುಗಳ ನಡುವೆ ಹರಿಯುವ ಸಂಕೇತಗಳನ್ನು ತಾನೇ ರಚಿಸಿದ ಫಲಕವೊಂದರಿಂದ ಓದಿ, ಗುಪ್ತವಾದ ಕೀಲಿಯನ್ನು ಹೊರತೆಗೆದನು. ೨೦೦೩ರಲ್ಲಿ ಆತನು ಬರೆದ "ಹ್ಯಾಕಿಂಗ್ ದ ಎಕ್ಸ್‌ಬಾಕ್ಸ್" ಎಂಬ ಪುಸ್ತಕವು ಬೀಗ ಮುರಿಯುವ ಕೈಪಿಡಿಗಿಂತ ಹೆಚ್ಚಾಗಿ ಹೊಸಬರ ಪಾಠಪುಸ್ತಕವಾಗಿದೆ. ಅದರಲ್ಲಿನ ಮೊದಲ ಅಭ್ಯಾಸವು ಯಂತ್ರದ ಮುಂಭಾಗದ ದೀಪವನ್ನು ನೀಲಿಯದಾಗಿ ಬದಲಿಸುವುದು. ಬೆಸುಗೆಯ ವಿಧಾನಗಳಿಗೆ ಪ್ರತ್ಯೇಕವಾದ ಅನುಬಂಧವನ್ನೇ ಮೀಸಲಿಡಲಾಗಿದೆ. ಸುಲಭವಾದುದರಿಂದ ಕಠಿನವಾದುದಕ್ಕೆ ಏರಬೇಕೆಂಬ ಗುರುಕುಲದ ಕ್ರಮವೇ ಅಲ್ಲಿಯೂ ಕಾಣುತ್ತದೆ.

೨೦೦೬ನೆಯ ಜುಲೈ ೧ರಿಂದ ಯೂರೋಪಿಯನ್ ಒಕ್ಕೂಟವು ಹೊಸ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸದ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಸೀಸದ ಬದಲು ತವರ, ಬೆಳ್ಳಿ, ತಾಮ್ರಗಳ ಮಿಶ್ರಣವು ಬಳಕೆಗೆ ಬಂದಿತು. ಇದು ಕರಗುವುದು ಸುಮಾರು ೨೧೭ ಡಿಗ್ರಿಯಲ್ಲಿ. ಆ ಮೂವತ್ತನಾಲ್ಕು ಡಿಗ್ರಿಗಳ ವ್ಯತ್ಯಾಸವು ಹೊಸಬನಿಗೆ ದೊಡ್ಡದು. ೧೯೯೦ರ ಯಂತ್ರದಲ್ಲಿ ಬೇಗನೆ ಕರಗಿದ ಬೆಸುಗೆಯು ೨೦೧೦ರ ಯಂತ್ರದಲ್ಲಿ ಹಟ ಹಿಡಿಯುತ್ತದೆ. ೨೦೦೫ರಲ್ಲಿ ಬಂದ ಎಕ್ಸ್‌ಬಾಕ್ಸ್ ೩೬೦ರಲ್ಲಿ, ಕಾದು ಆರಿ ಕಾದು ಆರಿ ಚಿಪ್ಪಿನ ಸೂಕ್ಷ್ಮವಾದ ಬೆಸುಗೆಗಳು ಬಿರುಕುಬಿಟ್ಟ ಕಾರಣ, ೨೦೦೭ರಲ್ಲಿ ತಯಾರಕರು ಭರವಸೆಯ ಅವಧಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ನೂರು ಕೋಟಿ ಡಾಲರಿಗೂ ಮೀರಿದ ವೆಚ್ಚವನ್ನು ಹೊರಬೇಕಾಯಿತು. ಚಿಪ್ಪಿನ ಅಡಿಯಲ್ಲಿ ಅಡಗಿರುವ ಇಂತಹ ಬೆಸುಗೆಗಳನ್ನು ಕೈಯ ಸಲಾಕೆಯು ಮುಟ್ಟಲಾರದು. ತನ್ನ ಸಾಧನಕ್ಕೆ ಎಟುಕದುದು ಯಾವುದೆಂಬುದನ್ನೂ ಹೊಸಬನು ಅರಿತಿರಬೇಕು.

೬

ಮೇಲಣ ಚರಿತ್ರೆಯಿಂದ ಆಯ್ಕೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಉಷ್ಣತೆಯ ನಿಯಂತ್ರಣವುಳ್ಳ ಸಲಾಕೆಯನ್ನೇ ಕೊಳ್ಳಬೇಕು. ಕಡಿಮೆ ವ್ಯಾಟಿನದು ಕಲಿಯುವವನಿಗೆ ಸುರಕ್ಷಿತವೆಂಬ ನಂಬಿಕೆಯು ವ್ಯಾಪಕವಾಗಿದೆ. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾದುದು. ಕನ್ಸೋಲಿನ ಫಲಕದಲ್ಲಿ ಭೂಸಂಪರ್ಕದ ತಾಮ್ರವು ವಿಶಾಲವಾಗಿ ಹರಡಿಕೊಂಡಿರುತ್ತದೆ; ಅದು ಶಾಖವನ್ನು ಹೀರಿಕೊಳ್ಳುತ್ತದೆ. ದುರ್ಬಲವಾದ ಸಲಾಕೆಯ ಮೊನೆಯು ಅಲ್ಲಿ ಆರಿಹೋಗಿ ಬೆಸುಗೆಯು ಕರಗುವುದಿಲ್ಲ. ಹೊಸಬನು ಒತ್ತುತ್ತಾನೆ, ಕಾಯುತ್ತಾನೆ, ಅಲುಗಿಸುತ್ತಾನೆ. ಅರ್ಧ ನಿಮಿಷ ಕಳೆಯುವುದರೊಳಗೆ ಅಂಟು ಸಡಿಲಿ ಬಿಲ್ಲೆಯು ಕಿತ್ತುಬರುತ್ತದೆ. ಸುಮಾರು ೬೦ ವ್ಯಾಟಿನ, ೩೫೦ ಡಿಗ್ರಿಗೆ ನಿಲ್ಲಿಸಿದ ಸಲಾಕೆಯು ಸಾಮಾನ್ಯ ಬೆಸುಗೆಯನ್ನು ಎರಡು ಮೂರು ಸೆಕೆಂಡುಗಳಲ್ಲಿ ಮುಗಿಸಿ ಹಿಂದೆ ಸರಿಯುತ್ತದೆ. ಇಲ್ಲಿ ವ್ಯಾಟು ಎಂಬುದು ಉಷ್ಣತೆಯ ಅಳತೆಯಲ್ಲ. ಕಳೆದುಹೋದ ಉಷ್ಣತೆಯನ್ನು ಮರಳಿ ತುಂಬಿಕೊಳ್ಳುವ ಶಕ್ತಿಯ ಅಳತೆ. ನಿಯಂತ್ರಣವಿದ್ದಾಗ ವ್ಯಾಟು ಹೆಚ್ಚಿರುವುದು ಗುಣ. ಇಲ್ಲದಿದ್ದಾಗ ಅದೇ ದೋಷ.

ಎರಡನೆಯದಾಗಿ, ಮೊನೆಯ ಆಕಾರ. ಸೂಜಿಯಂತಹ ಮೊನೆಯು ಸೂಕ್ಷ್ಮವಾದ ಕೆಲಸಕ್ಕೆ ತಕ್ಕುದೆಂದು ತೋರಿದರೂ, ಅದು ಬಿಲ್ಲೆಯನ್ನು ಮುಟ್ಟುವ ಪ್ರದೇಶವು ಕಿರಿದಾದುದರಿಂದ ಶಾಖವು ಹರಿಯುವುದಿಲ್ಲ. ಉಳಿಯ ಬಾಯಿಯಂತೆ ಚಪ್ಪಟೆಯಾದ, ಎರಡು ಮಿಲಿಮೀಟರ್ ಆಸುಪಾಸಿನ ಅಗಲದ ಮೊನೆಯು ಬಹುಪಾಲು ಕೆಲಸಗಳಿಗೆ ಸಾಕು. ಬದಲಿ ಮೊನೆಗಳು ಊರಿನ ಅಂಗಡಿಯಲ್ಲಿ ದೊರೆಯುವಂತಹ ಸಾಧನವನ್ನೇ ಆರಿಸುವುದು ವಿವೇಕ.

ಮೂರನೆಯದಾಗಿ, ಭೂಸಂಪರ್ಕ. ಮೂರು ಮುಳ್ಳಿನ ಪ್ಲಗ್ಗು ಇದ್ದು, ಮೊನೆಯು ಭೂಮಿಗೆ ನಿಜವಾಗಿ ಸೇರಿರಬೇಕು. ಇಲ್ಲದಿದ್ದರೆ ಸೋರುವ ವಿದ್ಯುತ್ತು ಹಳೆಯ ಚಿಪ್ಪುಗಳನ್ನು ಕೆಡಿಸಬಹುದು. ಅಗ್ಗದ ಅನುಕರಣಗಳಲ್ಲಿ ಈ ಅಂಶವನ್ನು ಮೀಟರಿನಿಂದ ಪರೀಕ್ಷಿಸಿ ನೋಡುವುದು ಒಳ್ಳೆಯದು. ಈಚೆಗೆ, ೨೦೨೦ರಿಂದ ಪ್ರಚಾರಕ್ಕೆ ಬಂದ ಪೈನ್‌ಸಿಲ್‌ನಂತಹ ಸಾಧನಗಳು ಲೇಖನಿಯಷ್ಟು ಚಿಕ್ಕವಾಗಿದ್ದು, ಬಿಸಿಗೂಡನ್ನೂ ಸಂವೇದಕವನ್ನೂ ಮೊನೆಯೊಳಗೇ ಅಡಗಿಸಿಕೊಂಡಿವೆ. ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತವೆ. ಆದರೆ ಅವುಗಳ ಶಕ್ತಿಯು ಜೋಡಿಸಿದ ಚಾರ್ಜರನ್ನು ಅವಲಂಬಿಸಿರುತ್ತದೆ; ಸಾಮಾನ್ಯವಾದ ಫೋನಿನ ಚಾರ್ಜರು ಸಾಲದು. ಎರಡು ಮುಳ್ಳಿನ ಚಾರ್ಜರಿನಲ್ಲಿ ಭೂಸಂಪರ್ಕವೂ ಇರುವುದಿಲ್ಲವಾಗಿ ಅದಕ್ಕೆ ಬೇರೆಯ ತಂತಿಯನ್ನು ಕಲ್ಪಿಸಬೇಕು.

ನಾಲ್ಕನೆಯದಾಗಿ, ಸಲಾಕೆಯೊಂದಕ್ಕೇ ಹಣವನ್ನೆಲ್ಲ ವ್ಯಯಿಸಕೂಡದು. ರಾಳದ ಫ್ಲಕ್ಸ್, ಒಳ್ಳೆಯ ಬೆಸುಗೆಯ ತಂತಿ, ಕರಗಿದ ಬೆಸುಗೆಯನ್ನು ಹೀರುವ ತಾಮ್ರದ ಹೆಣಿಗೆ, ಭದ್ರವಾದ ಸ್ಟ್ಯಾಂಡು ಇವು ಸಲಾಕೆಯಷ್ಟೇ ಅವಶ್ಯಕ. ರಾಳದ ಹೊಗೆಯ ಸೇವನೆಯಿಂದ ಕೆಲವರಲ್ಲಿ ಉಬ್ಬಸವು ಉಂಟಾಗುವುದರಿಂದ ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಬೇಕು. ಸೀಸವನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಯಬೇಕು. ಗುಂಡಿ ಬ್ಯಾಟರಿಯ ಮೇಲೆ ನೇರವಾಗಿ ಬೆಸೆಯದೆ, ಲೋಹದ ಪಟ್ಟಿಗಳನ್ನು ಕೂಡಿಸಿಯೇ ಮಾರುವ ಬ್ಯಾಟರಿಯನ್ನು ತರಬೇಕು. ಮನೆಯ ವಿದ್ಯುತ್ತು ನೇರವಾಗಿ ಒಳಬರುವ ಯಂತ್ರಗಳಲ್ಲಿ, ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಹೊಸಬನು ಆ ಭಾಗಕ್ಕೆ ಕೈಹಾಕಬಾರದು. ಮೊದಲ ಅಭ್ಯಾಸವು ಗುಜರಿಗೆ ಹೋಗುವ ರೇಡಿಯೋ ಫಲಕದ ಮೇಲೆ ನಡೆಯಲಿ.

೭

ಕೊನೆಯದಾಗಿ ಹಕ್ಕಿನ ಪ್ರಶ್ನೆಯೊಂದುಂಟು. ಹಣ ಕೊಟ್ಟು ಕೊಂಡ ಯಂತ್ರವನ್ನು ಬಿಚ್ಚುವ ಅಧಿಕಾರವು ಕೊಂಡವನಿಗೆ ಎಷ್ಟರಮಟ್ಟಿಗೆ ಉಂಟು? ಪ್ಲೇಸ್ಟೇಷನ್ನಿನ ಚಿಪ್ಪುಗಳನ್ನು ಕುರಿತ ಮೊಕದ್ದಮೆಯಲ್ಲಿ ಆಸ್ಟ್ರೇಲಿಯದ ಪರಮೋಚ್ಚ ನ್ಯಾಯಸ್ಥಾನವು ೨೦೦೫ರಲ್ಲಿ ಚಿಪ್ಪನ್ನು ಮಾರಿದವನ ಪರವಾಗಿ ತೀರ್ಪಿತ್ತಿತು. ಮರುವರ್ಷವೇ ಆ ದೇಶದ ಕಾನೂನು ತಿದ್ದುಪಡಿಯಾಯಿತು. ಭಾರತದಲ್ಲಿ ೨೦೧೨ರ ತಿದ್ದುಪಡಿಯಿಂದ ಕೃತಿಸ್ವಾಮ್ಯದ ಅಧಿನಿಯಮಕ್ಕೆ ಸೇರಿದ ೬೫ಎ ಪ್ರಕರಣವು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ತಾಂತ್ರಿಕ ಕ್ರಮಗಳನ್ನು ಭೇದಿಸುವವನಿಗೆ ಎರಡು ವರ್ಷಗಳವರೆಗಿನ ಸೆರೆಯನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. ಇಲ್ಲಿ ಉದ್ದೇಶವೆಂಬ ಪದವು ಮುಖ್ಯವಾದುದು. ಸವೆದ ಬ್ಯಾಟರಿಯನ್ನು ಬದಲಿಸುವುದೂ ಕತ್ತಲಾದ ಪರದೆಗೆ ದೀಪವನ್ನಿಡುವುದೂ ಒಂದು. ಪರರ ಕೃತಿಯನ್ನು ಕದ್ದು ಆಡಲು ಬೀಗವನ್ನು ಮುರಿಯುವುದು ಇನ್ನೊಂದು. ಸಲಾಕೆಗೆ ಈ ಭೇದವು ತಿಳಿಯದು, ಹಿಡಿದವನಿಗೆ ತಿಳಿದಿರಬೇಕು.

ಥಿಯೋಫಿಲಸನ ಕಾಲದಲ್ಲಿ ಶಾಖದ ನಿಗ್ರಹವು ಕುಶಲಕರ್ಮಿಯ ಕಣ್ಣಿನಲ್ಲಿದ್ದಿತು. ಕ್ಯೂರಿಯ ತತ್ತ್ವದ ಮೂಲಕ ಅದು ಮೊನೆಯ ಲೋಹವನ್ನು ಸೇರಿತು. ಇಂದು ಅದು ಸಲಾಕೆಯ ಹಿಡಿಯೊಳಗಿನ ಪುಟ್ಟ ಗಣಕವನ್ನು ಸೇರಿದೆ. ೧೯೮೫ರ ನಿಂಟೆಂಡೊ ಯಂತ್ರದಲ್ಲಿದ್ದುದು ಎಂಟು ಬಿಟ್ಟಿನ ಸಂಸ್ಕಾರಕ. ಅದನ್ನು ದುರಸ್ತು ಮಾಡಲು ಹಿಡಿಯುವ ಪೈನ್‌ಸಿಲ್‌ನಲ್ಲಿರುವುದು ಮೂವತ್ತೆರಡು ಬಿಟ್ಟಿನದು. ದುರಸ್ತಾಗುವ ಯಂತ್ರಕ್ಕಿಂತ ದುರಸ್ತು ಮಾಡುವ ಸಲಾಕೆಯೇ ಹೆಚ್ಚು ಲೆಕ್ಕ ಬಲ್ಲುದಾಗಿದೆ. ಆದರೂ ಎಷ್ಟು ಹೊತ್ತು ಮುಟ್ಟಬೇಕು, ಯಾವಾಗ ಕೈ ತೆಗೆಯಬೇಕು ಎಂಬ ತಿಳಿವಳಿಕೆಯನ್ನು ಯಾವ ಗಣಕವೂ ಕೊಡಲಾರದು. ಅದಕ್ಕೆ ಇಂದಿಗೂ ಅಭ್ಯಾಸವೇ ಗುರು. ಕೆಟ್ಟ ಸಲಾಕೆಯು ಈ ಗುರುವನ್ನು ವಿದ್ಯಾರ್ಥಿಯಿಂದ ದೂರಮಾಡುತ್ತದೆ: ದೋಷವು ಸಾಧನದ್ದಾಗಿದ್ದರೂ ತನ್ನ ಕೈಯದೆಂದು ಭ್ರಮಿಸಿ ಆತನು ಕೆಲಸವನ್ನೇ ಬಿಡುತ್ತಾನೆ. ಆದುದರಿಂದ ಹೊಸಬನು ಕೇಳಬೇಕಾದುದು ಎಷ್ಟು ವ್ಯಾಟು ಎಂದಲ್ಲ. ಎಷ್ಟರಲ್ಲಿ ನಿಲ್ಲುತ್ತದೆ ಎಂದು.